ಎತ್ತಿನಗಾಡಿಯಿಂದ ಜೇಸಿಬಿವರೆಗೆ: ಆಫೀಸುಗಳನ್ನು ಜೋಡಿಸಿದ ಕಥೆ

ಮೊನ್ನೆ ನಮ್ಮ ಆಫೀಸಿನಲ್ಲಿ ಅರ್ಧ ದಿನ ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದೆವು. ಇನ್ನೊಂದು ಊರಿನ ಶಾಖೆಗೆ ಹೋಗುವ ಲಿಂಕ್ ಸತ್ತಿತ್ತು. "ಎರಡು ಲಿಂಕ್ ಇದ್ಯಲ್ರೀ, ಬೇರೆ ಬೇರೆ ಕಂಪನೀದು!" ಅಂತ ಮ್ಯಾನೇಜರ್ ಕೂಗಾಡಿದರು. ಇದ್ದದ್ದು ನಿಜ. ಆದರೆ ಎರಡೂ ಕೇಬಲ್ಲು ರಸ್ತೆಯಡಿ ಒಂದೇ ಪೈಪಿನೊಳಗೆ ಮಲಗಿದ್ದವು. ಚರಂಡಿ ತೋಡಲು ಬಂದ ಜೇಸಿಬಿಗೆ ಯಾವುದು ಯಾರ ಕೇಬಲ್ಲು ಅಂತ ಹೇಗೆ ಗೊತ್ತಾಗಬೇಕು? :)

ಈಗ ಹೊಸ ಲಿಂಕ್ ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಆ ನೆಪದಲ್ಲಿ ನಮಗಿಂತ ಮೊದಲಿನವರು ಏನು ಮಾಡಿದರು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಚಿಪ್ ವಿನ್ಯಾಸದ ಕೆಲಸ ಅಂದಂದೇ ವಿದೇಶದ ಕಚೇರಿಗಳಿಗೆ ತಲುಪಬೇಕು. ಆಗ ಮನೆಗೊಂದು ಫೋನ್ ಸಿಗಲು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಆ ತಂತಿಗಳನ್ನು ನಂಬುವಂತಿರಲಿಲ್ಲ. ಹಾಗಾಗಿ ಅವರು ಉಪಗ್ರಹವನ್ನು ಆರಿಸಿಕೊಂಡರು. ಅದರ ಸಲಕರಣೆ ಎತ್ತಿನಗಾಡಿಯಲ್ಲಿ ಬಂತು ಅನ್ನುವ ಕಥೆ ಇಂದಿಗೂ ಊರಲ್ಲಿ ಚಾಲ್ತಿಯಲ್ಲಿದೆ.

ಆ ಲಿಂಕಿನ ವೇಗ ಸೆಕೆಂಡಿಗೆ 64 ಕಿಲೋಬಿಟ್. ಲೆಕ್ಕ ಹಾಕಿ: 10 ಎಂಬಿ ಫೈಲು ಹೋಗಲು 20 ನಿಮಿಷಕ್ಕೂ ಹೆಚ್ಚು! ಜೊತೆಗೆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಬೆಳಕಿಗಿಂತ ಬೇಗ ಹೋಗುವ ದಾರಿ ಯಾವ ಕಂಪನಿಯ ಹತ್ತಿರವೂ ಇಲ್ಲವಲ್ಲ. ಆದರೂ ಒಂದು ಲಾಭ ಇತ್ತು: ಆಕಾಶವನ್ನು ಯಾರೂ ಅಗೆಯುವುದಿಲ್ಲ.

ಸ್ವಂತ ಡಿಶ್ ಹಾಕುವ ತಾಕತ್ತು ಸಣ್ಣ ಕಂಪನಿಗಳಿಗೆ ಎಲ್ಲಿಂದ ಬರಬೇಕು? 1991ರಲ್ಲಿ ಹುಟ್ಟಿದ ಎಸ್‌ಟಿಪಿಐ ಇದಕ್ಕೆ ದಾರಿ ಮಾಡಿತು. ಎಲೆಕ್ಟ್ರಾನಿಕ್ಸ್ ಸಿಟಿಯ ಭೂಕೇಂದ್ರವನ್ನು ಹತ್ತಾರು ಕಂಪನಿಗಳು ಹಂಚಿಕೊಂಡವು. ಕೇಂದ್ರದಿಂದ ಕಂಪನಿಯ ತಾರಸಿಗೆ ಮೈಕ್ರೋವೇವ್ ರೇಡಿಯೋ. ಇಲ್ಲೂ ನೆಲ ಅಗೆಯುವ ಗೋಜಿಲ್ಲ.

ಶಾಖೆಗಳು ಹೆಚ್ಚಾದಂತೆ ಇನ್ನೊಂದು ತಲೆನೋವು ಶುರುವಾಯಿತು. ಹತ್ತು ಕಚೇರಿಗಳನ್ನು ಒಂದಕ್ಕೊಂದು ನೇರ ಜೋಡಿಸಲು 45 ಲೀಸ್ಡ್ ಲೈನ್ ಬೇಕು. 90ರ ದಶಕದ ಫ್ರೇಮ್ ರಿಲೇ ಒಂದೇ ತಂತಿಯೊಳಗೆ ಹಲವು ಕಾಲ್ಪನಿಕ ತಂತಿಗಳನ್ನು ಕೊಟ್ಟಿತು. ಆದರೆ ಅವನ್ನೂ ಒಂದೊಂದಾಗಿ ಕಟ್ಟಬೇಕಿತ್ತು. ಎಂಪಿಎಲ್‌ಎಸ್ (2001ರಲ್ಲಿ ಇದರ ಮೂಲ ವಿನ್ಯಾಸ ಆರ್‌ಎಫ್‌ಸಿ 3031 ಆಗಿ ಪ್ರಕಟವಾಯಿತು) ಬಂದ ಮೇಲೆ ಆ ಗೋಳೂ ತಪ್ಪಿತು. ಪ್ರತಿ ಕಚೇರಿಯಿಂದ ಒಂದು ಲಿಂಕ್ ಕೊಟ್ಟರೆ ಸಾಕು, ಪ್ಯಾಕೆಟ್ಟಿಗೆ ಚೀಟಿ ಅಂಟಿಸಿ ದಾರಿ ತೋರಿಸುವುದು ಲಿಂಕ್ ಕೊಟ್ಟವರ ಕೆಲಸ. ಈಗಿನ ಎಸ್‌ಡಿ-ವ್ಯಾನ್ ಇನ್ನೂ ಮುಂದೆ ಹೋಗಿ, ಮಾಮೂಲಿ ಬ್ರಾಡ್‌ಬ್ಯಾಂಡ್, 4ಜಿ ಎಲ್ಲವನ್ನೂ ಸೇರಿಸಿ ಯಾವುದು ಚೆನ್ನಾಗಿದೆಯೋ ಅದರಲ್ಲಿ ಕಳಿಸುತ್ತದೆ.

ಹೀಗೆ ತಂತಿಯ ಚಿಂತೆ ನಮ್ಮಿಂದ ದೂರ ಆಯಿತು. ತಂತಿ ಎಲ್ಲಿದೆ ಅನ್ನುವುದನ್ನೂ ನಾವು ಮರೆತೆವು!

30 ಜನವರಿ 2008ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್ ತುಂಡಾದವು: ಸೀ-ಮೀ-ವೀ 4 ಮತ್ತು ಫ್ಲ್ಯಾಗ್. ಮಾಲೀಕರು ಬೇರೆ, ಹಾದಿ ಮಾತ್ರ ಹೆಚ್ಚುಕಡಿಮೆ ಒಂದೇ. ಭಾರತದ ಇಂಟರ್ನೆಟ್ ದಿನಗಟ್ಟಲೆ ಕುಂಟಿತು. ನಮ್ಮ ಚರಂಡಿ ಪ್ರಸಂಗದ್ದೂ ಇದೇ ಕಥೆ, ಅಳತೆ ಚಿಕ್ಕದು ಅಷ್ಟೆ.

ಹಾಗಾಗಿ ಮಾರಾಟಕ್ಕೆ ಬಂದವರನ್ನು ಈ ಸಲ ವೇಗ, ಬೆಲೆ ಕೇಳುವ ಮೊದಲು "ಕೇಬಲ್ ಯಾವ ರಸ್ತೆಯಲ್ಲಿ ಬರತ್ತೆ, ನಕ್ಷೆ ತೋರಿಸಿ" ಅಂದೆ. ಒಬ್ಬರು ತಂದರು, ಇನ್ನೊಬ್ಬರು ಮತ್ತೆ ಬರಲೇ ಇಲ್ಲ. ನಕ್ಷೆ ತಂದವರದ್ದು ಫೈಬರ್, ಎರಡನೆಯದಕ್ಕೆ ತಾರಸಿಯ ಮೇಲೊಂದು ರೇಡಿಯೋ ಅಂತ ಬರೆದುಕೊಟ್ಟಿದ್ದೇನೆ. ವೇಗ ಕಡಿಮೆ, ಆದರೆ ನೆಲದಲ್ಲಿಲ್ಲ. ಮ್ಯಾನೇಜರ್ ಇನ್ನೂ ಸಹಿ ಹಾಕಿಲ್ಲ. ಅತ್ತ ಪಕ್ಕದ ರಸ್ತೆಯಲ್ಲಿ ಜೇಸಿಬಿ ಸದ್ದು ಕೇಳಿಸುತ್ತಿದೆ...

ನಿಮ್ಮ ಆಫೀಸಿನ ಎರಡನೇ ಲಿಂಕ್ ಯಾವ ರಸ್ತೆಯಲ್ಲಿ ಬರುತ್ತದೆ, ಗೊತ್ತಾ?