ಮಳೆನಾಡಿನ ಸಂಬಾರ ಸಂರಕ್ಷಣೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಒಂದು ನೋಟ

ಕರಾವಳಿಯ ಕರಿಮೆಣಸಿನ ಚರಿತ್ರೆಯಲ್ಲಿ ಬಂದರು, ಒಪ್ಪಂದ ಹಾಗೂ ಸುಂಕಗಳಿಗೆ ದೊರೆತ ಸ್ಥಾನವು ಅದನ್ನು ಒಣಗಿಸಿ ಕಾಪಿಟ್ಟ ಮನೆಗಳಿಗೆ ದೊರೆತಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಸಂಗತಿ ಸುಪರಿಚಿತವಾದುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಮೆಣಸು ಬೂಸ್ಟು ಹಿಡಿಯದೆ ಉಳಿದ ಬಗೆ ಮಾತ್ರ ವಿವೇಚನೆಗೆ ಒಳಗಾದುದು ವಿರಳ.

ಈ ವಿವೇಚನೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪರಿಸರವು ತಕ್ಕ ಕ್ಷೇತ್ರವಾಗಿದೆ. ನೇತ್ರಾವತಿಯ ದಡದ ಬಂಟ್ವಾಳವು ಘಟ್ಟದ ಸರಕು ಮಂಗಳೂರಿನ ದೋಣಿಯನ್ನು ಸೇರುತ್ತಿದ್ದ ಪೇಟೆ. ಬೆಳ್ತಂಗಡಿಯು ಚಾರ್ಮಾಡಿ ಘಟ್ಟದ ದಾರಿಯಲ್ಲಿದೆ. 1430ರಲ್ಲಿ ಸಾವಿರ ಕಂಬದ ಬಸದಿ ತಲೆಯೆತ್ತಿದ ಮೂಡುಬಿದಿರೆಯು ಜೈನ ವರ್ತಕರ ನೆಲೆಯಾಗಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಮೂರೂ ಊರುಗಳನ್ನು ಹಾದುಹೋದನು.

ಮೆಣಸಿನ ಕೊಯ್ಲು ಡಿಸೆಂಬರಿನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಜೂನ್ ತಿಂಗಳಿನಲ್ಲಿ ಮುಂಗಾರು ಆರಂಭವಾದೊಡನೆ ಹಾಯಿಹಡಗುಗಳ ಸಂಚಾರ ನಿಲ್ಲುತ್ತಿತ್ತು. ಬೇಸಗೆಯಲ್ಲಿ ಮಾರದೆ ಉಳಿದ ಮೆಣಸು ಮಳೆಗಾಲವನ್ನು ಮನೆಯೊಳಗೇ ಕಳೆಯಬೇಕಾಗಿತ್ತು. ಕಾಪಿಡಬಲ್ಲವನು ಬೆಲೆಗಾಗಿ ಕಾಯಬಲ್ಲವನಾಗಿದ್ದನು. ಅಟ್ಟವಿಲ್ಲದವನು ಕೇಳಿದ ಬೆಲೆಗೆ ಒಪ್ಪಬೇಕಾಗಿತ್ತು. ಆದುದರಿಂದ ಸಂರಕ್ಷಣೆಯು ಅಡುಗೆಮನೆಯ ವಿಷಯವಷ್ಟೇ ಅಲ್ಲ, ಆರ್ಥಿಕ ಬಲದ ವಿಷಯವೂ ಹೌದು.

ಇದರ ಮೊದಲ ಹಂತ ಅಂಗಳ. ಸೆಗಣಿ ಸಾರಿಸಿದ ನೆಲದ ಮೇಲೆ ಕಾಳು ಕಪ್ಪಾಗಿ ಸುಕ್ಕುಗಟ್ಟುವವರೆಗೆ ಬಿಸಿಲಿಗೆ ಹರಡಲಾಗುತ್ತಿತ್ತು. ತೇವಾಂಶ ಶೇಕಡಾ 12ಕ್ಕಿಂತ ಕೆಳಗಿಳಿದರೆ ಬೂಸ್ಟು ಬೆಳೆಯುವುದು ಕಷ್ಟವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಹಿಂದಿನವರು ಇದನ್ನು ಕಾಳಿನ ಗಡಸು ಹಾಗೂ ಸದ್ದಿನಿಂದ ಅರಿಯುತ್ತಿದ್ದರು. ಎರಡನೆಯ ಹಂತ ಒಲೆಯ ಮೇಲಣ ಅಟ್ಟ. ಅಲ್ಲಿನ ಬಿಸಿ ತೇವವನ್ನೂ ಹೊಗೆ ಹುಳುವನ್ನೂ ದೂರವಿಡುತ್ತಿದ್ದವು. ಬೈಹುಲ್ಲಿನಲ್ಲಿ ಬಿಗಿದ ಅಕ್ಕಿ ಮುಡಿಗೂ ಇದೇ ಆಶ್ರಯ. ಉಪ್ಪು ಬೆರೆಸಿ ಉಂಡೆ ಕಟ್ಟಿದ ಹುಣಸೆಹಣ್ಣು ಬಾಯಿಕಟ್ಟಿದ ಭರಣಿಯನ್ನು ಸೇರುತ್ತಿತ್ತು. ತಾಳೆಬೆಲ್ಲಕ್ಕೆ ಓಲೆಯ ಹೊದಿಕೆಯಿತ್ತು. ಪತ್ತನಾಜೆಯ ಸುಮಾರಿಗೆ ಇವೆಲ್ಲ ಸಿದ್ಧವಾಗಬೇಕಾಗಿತ್ತು. ಆಟಿ ತಿಂಗಳ ಕೊರತೆಯನ್ನು ನೀಗಿಸುತ್ತಿದ್ದುದು ಈ ದಾಸ್ತಾನೇ. ಇದರ ಹೊಣೆ ಬಹುಮಟ್ಟಿಗೆ ಮನೆಯ ಹೆಂಗಸರದ್ದಾಗಿತ್ತು. ಲೆಕ್ಕಪತ್ರಗಳಲ್ಲಿ ಅವರ ದುಡಿಮೆ ಕಾಣದಿರಲು ಇದೂ ಒಂದು ಕಾರಣ.

ಭಾಷೆಯಲ್ಲಿಯೂ ಈ ಚರಿತ್ರೆಯ ಗುರುತುಗಳಿವೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದ ಮೆಣಸಿನಕಾಯಿಯು ತುಳುವಿನಲ್ಲಿ ‘ಮುಂಚಿ’ ಎನಿಸಿತು; ಕರಿಮೆಣಸು ‘ಎಡ್ಡೆ ಮುಂಚಿ’, ಅಂದರೆ ಒಳ್ಳೆಯ ಮೆಣಸು, ಆಗಿ ಉಳಿಯಿತು.

ಕಾಂಕ್ರೀಟು ಮನೆ ಹಾಗೂ ಅಡುಗೆ ಅನಿಲಗಳು ಬಂದ ಮೇಲೆ ಹೊಗೆಯ ಅಟ್ಟ ಅಪರೂಪವಾಗಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಗಳಂತಹ ಸಂಸ್ಥೆಗಳು ಹಳೆಯ ಪರಿಕರಗಳನ್ನು ಕಾಪಾಡುತ್ತಿವೆ. ಭರಣಿ ಉಳಿದರೂ ಅದಕ್ಕೆ ಏನನ್ನು, ಯಾವಾಗ, ಎಷ್ಟು ಒಣಗಿಸಿ ತುಂಬುತ್ತಿದ್ದರೆಂಬ ಅರಿವು ಹಿರಿಯ ಮಹಿಳೆಯರ ನೆನಪಿನಲ್ಲಿ ಮಾತ್ರ ಇದೆ. ಆ ನೆನಪು ಇರುವಾಗಲೇ ಅದನ್ನು ದಾಖಲಿಸುವುದು ಸಂಶೋಧಕರ ತುರ್ತು ಕರ್ತವ್ಯವಾಗಿದೆ.