ಕ್ಯಾಬಿನ್ನಿನೊಳಗೆ ಏನು ಬರಬೇಕು?: ಡೀಸೆಲ್ ಟ್ರಕ್ಕಿನ ಗೇಜುಗಳ ಚರಿತ್ರೆ

ಅಮೆರಿಕದ ಡೀಸೆಲ್ ಪಿಕಪ್ ಟ್ರಕ್ಕುಗಳಿಗೆ ಹೊರಗಿನಿಂದ ಗೇಜು ತಂದು ಹಾಕಿಸುವವರಲ್ಲಿ ಬಹುಕಾಲದಿಂದ ಎರಡು ಪಂಗಡಗಳಿವೆ. ಒತ್ತಡವನ್ನು ಸಣ್ಣ ಕೊಳವೆಯಲ್ಲಿ ನೇರವಾಗಿ ಗೇಜಿನವರೆಗೆ ತರುವ ಮೆಕ್ಯಾನಿಕಲ್ ಗೇಜನ್ನೇ ನಂಬುವವರು ಒಂದು ಕಡೆ. ಇಂಜಿನ್ನಿನ ಮೇಲೆ ಸೆಂಡರ್ ಕೂರಿಸಿ ತಂತಿಯಲ್ಲಿ ಸುದ್ದಿ ತರಿಸುವ ಎಲೆಕ್ಟ್ರಿಕ್ ಗೇಜೇ ಸರಿ ಎನ್ನುವವರು ಇನ್ನೊಂದು ಕಡೆ. ಯಾವುದು ಹೆಚ್ಚು ನಿಖರ, ಯಾವುದು ಹೆಚ್ಚು ದಿನ ಬಾಳುತ್ತದೆ ಎಂಬಲ್ಲೇ ಅವರ ವಾದ ಸುತ್ತುತ್ತದೆ. ಈ ಉಪಕರಣದ ಚರಿತ್ರೆ ಓದಿದವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಎಂದು ಕಾಣುತ್ತದೆ: ಅಳೆಯುವ ವಸ್ತುವನ್ನೇ ಚಾಲಕನ ಪಕ್ಕಕ್ಕೆ ತರಬಹುದೇ, ಅಥವಾ ಅದರ ಸುದ್ದಿಯನ್ನಷ್ಟೇ ತರಬೇಕೇ? ಗಾಳಿಗೆ, ಎಣ್ಣೆಗೆ, ಬೆಂಕಿಗೆ ಇದರ ಉತ್ತರ ಒಂದೇ ಆಗಲಾರದು. ಆದ್ದರಿಂದ ಒಂದು ಪಂಗಡ ಸೇರಿ ಎಲ್ಲ ಗೇಜುಗಳನ್ನೂ ಒಂದೇ ಜಾತಿಯದ್ದಾಗಿ ಕೊಳ್ಳುವುದು ತಪ್ಪು ಎಂಬುದು ನನ್ನ ವಾದ.

ಮೆಕ್ಯಾನಿಕಲ್ ಗೇಜಿನ ಹೊಟ್ಟೆಯಲ್ಲಿರುವುದು ಪ್ಯಾರಿಸ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಕೊಳವೆ. ಚಪ್ಪಟೆಯಾದ ಲೋಹದ ಕೊಳವೆಯನ್ನು ಕುಡುಗೋಲಿನಂತೆ ಬಾಗಿಸಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡ ಕೊಟ್ಟರೆ ಅದು ದುಂಡಾಗಲು ನೋಡುತ್ತದೆ. ದುಂಡಾಗುತ್ತಾ ಬಾಗು ಬಿಚ್ಚಿಕೊಳ್ಳುತ್ತದೆ. ಮುಚ್ಚಿದ ತುದಿ ಒಂದಿಷ್ಟೇ ಸರಿದರೂ ಅದಕ್ಕೆ ಕೂಡಿಸಿದ ಹಲ್ಲುಚಕ್ರಗಳು ಆ ಚಲನೆಯನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಒಂದು ವಾಯುಮಂಡಲದಷ್ಟು ಒತ್ತಡವನ್ನು ಪಾದರಸದ ಕೊಳವೆಯಲ್ಲಿ ಅಳೆಯಲು 76 ಸೆಂಟಿಮೀಟರ್ ಎತ್ತರ ಬೇಕು. ಅದರ ಹತ್ತು ಪಟ್ಟಿಗೆ ಏಳೂವರೆ ಮೀಟರಿಗಿಂತ ಹೆಚ್ಚು. ಓಡುವ ಹಬೆಯ ರೈಲು ಇಂಜಿನ್ನಿನ ಮೇಲೆ ಅದನ್ನು ನಿಲ್ಲಿಸುವುದಾದರೂ ಎಲ್ಲಿ? ಬೂರ್ಡನ್ ಕೊಳವೆ ಅಂಗೈಯಗಲದ ಡಬ್ಬಿಯಲ್ಲಿ ಆ ಕೆಲಸ ಮಾಡಿತು. ಹಾಗೆಂದು ಹಬೆಯನ್ನು ಗೇಜಿನೊಳಕ್ಕೆ ನೇರವಾಗಿ ಬಿಡುತ್ತಿರಲಿಲ್ಲ. ಗೇಜಿನ ಕೆಳಗೆ ಸುರುಳಿ ಸುತ್ತಿದ ಪೈಪು ಹಾಕುತ್ತಿದ್ದರು. ಅದರಲ್ಲಿ ನಿಂತ ನೀರು ಒತ್ತಡವನ್ನು ದಾಟಿಸಿ, ಕಾದ ಹಬೆಯನ್ನು ತಡೆಯುತ್ತಿತ್ತು. ಅಪಾಯದ ವಸ್ತು ಮತ್ತು ಗೇಜಿನ ನಡುವೆ ತಡೆಯೊಂದಿರಬೇಕೆಂಬ ಪಾಠ ಹಬೆಯ ಕಾಲದ್ದೇ.

ಎಲೆಕ್ಟ್ರಿಕ್ ಗೇಜಿನ ಬೇರು ಇನ್ನೂ ಹಳೆಯದು. ಎರಡು ಬೇರೆ ಲೋಹಗಳ ಬೆಸುಗೆ ಕಾದರೆ ವಿದ್ಯುತ್ತಿನ ಪರಿಣಾಮ ಹುಟ್ಟುತ್ತದೆಂದು ತಾಮಸ್ ಸೀಬೆಕ್ ಕಂಡದ್ದು 1821ರಲ್ಲಿ, ಬೂರ್ಡನ್ನಿಗಿಂತ 28 ವರ್ಷ ಮೊದಲು. ಟರ್ಬೊ ಡೀಸೆಲ್ಲಿನ ಹೊಗೆಯ ಬಿಸಿ ಹೇಳುವ ಪೈರೋಮೀಟರ್ ನಿಂತಿರುವುದು ಇದೇ ತತ್ವದ ಮೇಲೆ. ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತೂತು ಕೊರೆದು ಕೂರಿಸುವ ಥರ್ಮೋಕಪಲ್ ಒಂದೊಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟಿಸುತ್ತದೆ. ಮುಳ್ಳಿನ ಹಳೆಯ ಪೈರೋಮೀಟರ್ ಆ ಅಲ್ಪ ವಿದ್ಯುತ್ತಿನಿಂದಲೇ, ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಸುಮಾರು 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 677 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ಎಳೆಸಿದರೆ ಅಲ್ಯೂಮಿನಿಯಂ ಪಿಸ್ಟನ್ನಿಗೆ ಕೇಡು ಎಂಬುದು ಭಾರ ಎಳೆಯುವವರ ಲೆಕ್ಕ. ಆ ಬೆಂಕಿಯನ್ನು ಕೊಳವೆಯಲ್ಲಿ ಕ್ಯಾಬಿನ್ನಿಗೆ ತರುವ ದಾರಿಯೇ ಇಲ್ಲ. ಮೆಕ್ಯಾನಿಕಲ್ ಪಕ್ಷದ ಕಟ್ಟಾಳೂ ಈ ಒಂದು ಗೇಜಿಗೆ ತಂತಿಯನ್ನೇ ನಂಬಬೇಕಾಯಿತು.

ವಾದ ನಿಜಕ್ಕೂ ಕಾವೇರಿದ್ದು ಡಾಡ್ಜ್ ಟ್ರಕ್ಕುಗಳ ವಿಷಯದಲ್ಲಿ. 1989ರಲ್ಲಿ ಡಾಡ್ಜ್ ತನ್ನ ಪಿಕಪ್ಪಿಗೆ 5.9 ಲೀಟರಿನ ಕಮ್ಮಿನ್ಸ್ ಟರ್ಬೊ ಡೀಸೆಲ್ ಇಂಜಿನ್ ಹಾಕಿತು. 1994ರಲ್ಲಿ ಅದಕ್ಕೆ ಬಂದ ಪಿ7100 ಇಂಜೆಕ್ಷನ್ ಪಂಪು, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ ನಮ್ಮ ಲಾರಿಗಳಿಗೆ ಮಾಡಿಕೊಟ್ಟ ಬಾಷ್ ಇನ್‌ಲೈನ್ ಪಂಪುಗಳ ಬಳಗದ್ದೇ. ಆ ಇಂಜಿನ್ನಿಗೆ ಕಂಪ್ಯೂಟರಿನ ಅಪ್ಪಣೆ ಬೇಕಿರಲಿಲ್ಲ. 1998ರ ನಡುವಿನಲ್ಲಿ ಬಂದ 24 ವಾಲ್ವಿನ ಇಂಜಿನ್ನಿಗೆ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪು ಬಂತು. ಅದರ ತಂಪೂ ಅದರ ಲೂಬ್ರಿಕೇಷನ್ನೂ ಒಳಗೆ ಹರಿಯುವ ಡೀಸೆಲ್ಲಿನಿಂದಲೇ. ಡೀಸೆಲ್ ಒದಗಿಸುವ ಸಣ್ಣ ಲಿಫ್ಟ್ ಪಂಪು ಸೋತರೂ ಟ್ರಕ್ಕು ಓಡುತ್ತಲೇ ಇರುತ್ತಿತ್ತು. ದುಬಾರಿ ವಿಪಿ44 ಮಾತ್ರ ಒಳಗೊಳಗೇ ಸವೆಯುತ್ತಿತ್ತು. ಲಿಫ್ಟ್ ಪಂಪು ಕೊಡುವ ಡೀಸೆಲ್ಲಿನ ಒತ್ತಡ ತೋರಿಸುವ ಗೇಜನ್ನು ಕಾರ್ಖಾನೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿರಲಿಲ್ಲ. ಹಾಗಾಗಿ ಮಾಲೀಕರು ಫ್ಯುಯೆಲ್ ಪ್ರೆಷರ್ ಗೇಜು ಹಾಕಿಸತೊಡಗಿದರು. ಓಡುವಾಗ ಮುಳ್ಳು 10 ಪಿಎಸ್‌ಐಗಿಂತ ಕೆಳಗಿಳಿಯಬಾರದು ಎಂಬ ಮಾತು ಅವರಲ್ಲಿ ರೂಢಿಯಾಯಿತು. ಮೆಕ್ಯಾನಿಕಲ್ ಗೇಜು ಹಾಕಿದರೆ ಡೀಸೆಲ್ ತುಂಬಿದ ಕೊಳವೆ ಮಂಡಿಯ ಹತ್ತಿರ ಹಾಯುತ್ತದೆ. ಇದಕ್ಕೆ ಪರಿಹಾರವಾಗಿ ಐಸೊಲೇಟರ್ ಬಂತು: ನಡುವೆ ಒಂದು ಪೊರೆ, ಆಚೆಗೆ ಡೀಸೆಲ್, ಗೇಜಿನ ಕಡೆಗೆ ಕೂಲೆಂಟ್. ಹಬೆಯ ಕಾಲದ ಸುರುಳಿ ಪೈಪಿನ ಉಪಾಯವೇ ಇದು.

ಎಲೆಕ್ಟ್ರಿಕ್ ಪಕ್ಷದ ದಾರಿಯೂ ಸುಗಮವಾಗಿರಲಿಲ್ಲ. ಇಂಧನದ ಲೈನಿನಲ್ಲಿ ಎಡೆಬಿಡದೆ ಬಡಿಯುವ ಒತ್ತಡದ ಅಲೆಗಳಿಗೆ ಸೆಂಡರುಗಳು ಸಿಕ್ಕಿ ಹಾಳಾಗುತ್ತಿದ್ದವು; ನಡುವೆ ನೀಡಲ್ ವಾಲ್ವ್ ಹಾಕಿ, ಕೂದಲೆಳೆಯಷ್ಟೇ ತೆರೆದಿಡುವುದು ಅದಕ್ಕೆ ಮದ್ದಾಯಿತು. ಮೆಕ್ಯಾನಿಕಲ್ ಪಕ್ಷದವರು ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಅದೇ ಬಡಿತ ಬೂರ್ಡನ್ ಕೊಳವೆಯನ್ನೂ ಬಿಡುವುದಿಲ್ಲ. ಕಾರ್ಖಾನೆಗಳ ಗೇಜುಗಳಲ್ಲಿ ಗ್ಲಿಸರಿನ್ ತುಂಬುವುದೇ ಮುಳ್ಳಿನ ನಡುಕ ತಡೆಯಲು. ಬ್ಯಾಟರಿ ಸತ್ತರೂ ಮೆಕ್ಯಾನಿಕಲ್ ಗೇಜು ಓದುತ್ತದೆ ಎಂಬುದು ಅವರ ಇನ್ನೊಂದು ಮಾತು. ಹಳೆಯ ಇಂಜಿನ್ನುಗಳ ಮಟ್ಟಿಗೆ ಅದು ತೂಕದ ಮಾತೇ. ವಿಪಿ44 ಬಂದ ಮೇಲೆ ಕರೆಂಟಿಲ್ಲದೆ ಇಂಜಿನ್ನೇ ಓಡದು. ನಿಂತ ಇಂಜಿನ್ನಿನ ಒತ್ತಡ ತಿಳಿದು ಚಾಲಕನಿಗೆ ಆಗಬೇಕಾದ್ದೇನು? ಕಿಲುಬು ಹಿಡಿದ ಕನೆಕ್ಟರ್ ಸುಳ್ಳು ಹೇಳುತ್ತದೆ ಎಂಬ ಮೂರನೆಯ ಆಕ್ಷೇಪ ಮಾತ್ರ ಪೂರ್ತಿ ನಿಜ. ಅದಕ್ಕೆ ಪರಿಹಾರ, ಆಗಾಗ ಬಾನೆಟ್ ಎತ್ತಿ ಅಲ್ಲೇ ಒಂದು ಮೆಕ್ಯಾನಿಕಲ್ ಗೇಜು ಜೋಡಿಸಿ ತಾಳೆ ನೋಡುವುದು. ಅಳತೆಯ ಸಾಕ್ಷಿಯಾಗಿ ಬೂರ್ಡನ್ ಕೊಳವೆಯನ್ನು ಮೀರಿಸುವುದು ಕಷ್ಟ. ಆ ಸಾಕ್ಷಿ ಕ್ಯಾಬಿನ್ನಿನೊಳಗೇ ಕೂರಬೇಕೆಂದೇನಿಲ್ಲ.

ಬೂಸ್ಟ್ ಗೇಜಿಗೆ ಮೆಕ್ಯಾನಿಕಲ್ ಧಾರಾಳವಾಗಿ ಸಾಕು. ಟರ್ಬೊ ತಳ್ಳುವ ಗಾಳಿಯನ್ನು ತರುವ ನೈಲಾನ್ ಕೊಳವೆ ಒಡೆದರೆ ಬುಸ್ಸೆನ್ನುವ ಸದ್ದು ಬರುತ್ತದೆ, ಅಷ್ಟೇ. ಮುಳ್ಳು ಮಾತ್ರ ಆಕ್ಸಿಲರೇಟರ್ ತುಳಿದ ಕೂಡಲೇ ಮೇಲೇಳುತ್ತದೆ. ನಮ್ಮ ಹಳೆಯ ಲಾರಿಗಳಲ್ಲಿ ಏರ್ ಬ್ರೇಕಿನ ಗಾಳಿ ಡ್ಯಾಶ್‌ಬೋರ್ಡಿನ ಗೇಜಿನವರೆಗೆ ನೇರವಾಗಿ ಬರುತ್ತಿದ್ದುದಕ್ಕೂ ಇದೇ ಸಮರ್ಥನೆ. ಕಾದ ಆಯಿಲ್ ಮತ್ತು ಡೀಸೆಲ್ಲಿನ ಮಾತು ಬೇರೆ. ತಾಮ್ರದ ಕೊಳವೆ ವರ್ಷಗಟ್ಟಲೆ ಅದುರಿ ಬಿರುಕು ಬಿಡುತ್ತದೆ, ನೈಲಾನ್ ಕೊಳವೆ ಎಕ್ಸಾಸ್ಟ್ ಪೈಪಿಗೆ ತಾಗಿದರೆ ಕರಗುತ್ತದೆ. ಆಗ ಸಿಡಿಯುವುದು ಚಾಲಕನ ಕಾಲ ಮೇಲೆ, ಅದೂ ಅವನ ಗಮನವೆಲ್ಲ ರಸ್ತೆಯ ಮೇಲಿರಬೇಕಾದ ಹೊತ್ತಿನಲ್ಲಿ. ಐಸೊಲೇಟರ್ ಆ ಅಪಾಯವನ್ನು ತಗ್ಗಿಸುತ್ತದೆ, ಸೆಂಡರ್ ಅದನ್ನು ಇಂಜಿನ್ನಿನ ಬದಿಯಲ್ಲೇ ನಿಲ್ಲಿಸುತ್ತದೆ. ನೂರೈವತ್ತು ವರ್ಷ ಗೇಜು ಮಾಡಿದವರು ಕಲಿತ ಪಾಠಕ್ಕೆ ಬೆಲೆ ಕೊಡುವುದಾದರೆ ಆಯಿಲ್ಲಿಗೂ ಡೀಸೆಲ್ಲಿಗೂ ಎಲೆಕ್ಟ್ರಿಕ್ ಗೇಜನ್ನೇ ಕೊಳ್ಳಬೇಕು, ಅದರ ಮಾತನ್ನು ಬಾನೆಟ್ಟಿನ ಕೆಳಗೆ ಪರೀಕ್ಷಿಸುತ್ತಲೂ ಇರಬೇಕು.