ಗೃಹ ತ್ಯಾಜ್ಯದಿಂದ ಅನಿಲ ಮತ್ತು ವಿದ್ಯುತ್: ಬಸವಾಪಟ್ಟಣ ಹೋಬಳಿಯ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಮನೆಯ ಕಸದಿಂದ ವಿದ್ಯುತ್ ಉತ್ಪಾದಿಸಬಹುದೇ, ಅದಕ್ಕೆ ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬುದು ಸಾರ್ವಜನಿಕರಲ್ಲಿ ಸಹಜವಾಗಿ ಮೂಡುವ ಪ್ರಶ್ನೆ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಹೋಬಳಿಯ ಕುಟುಂಬಗಳು, ಸ್ವಸಹಾಯ ಸಂಘಗಳು ಹಾಗೂ ಗ್ರಾಮ ಪಂಚಾಯಿತಿಗಳು ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಘಟಕದ ಆಯ್ಕೆ ತಪ್ಪಿದಲ್ಲಿ ಹಣ ವ್ಯರ್ಥವಾಗುವುದಲ್ಲದೆ ಕಸವೂ ಊರಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇದನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

2. ಎರಡು ವಿಧಾನಗಳು

ಕಸದಿಂದ ಶಕ್ತಿ ಪಡೆಯುವ ವಿಧಾನಗಳು ಮುಖ್ಯವಾಗಿ ಎರಡು.

(ಅ) ದಹನ ವಿಧಾನ: ಒಣ ಕಸವನ್ನು ಸುಟ್ಟು, ಆ ಶಾಖದಿಂದ ಹಬೆ ಉತ್ಪಾದಿಸಿ ಟರ್ಬೈನ್ ತಿರುಗಿಸುವುದು. ಭೂಮಿಯ ಕೊರತೆಯಿರುವ ದ್ವೀಪಗಳು ಈ ಮಾರ್ಗವನ್ನು ಹಿಡಿದಿವೆ. ಸಿಂಗಪುರದ ಮೊದಲ ದಹನ ಘಟಕ 1979ರಲ್ಲಿ ಆರಂಭವಾಯಿತು. ಅಲ್ಲಿನ ದಹನ ಘಟಕಗಳ ಬೂದಿಯನ್ನು 1999ರಿಂದ ಸೆಮಕಾವು ಎಂಬ ದ್ವೀಪದ ಭರ್ತಿ ತಾಣಕ್ಕೆ ಸಾಗಿಸಲಾಗುತ್ತಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸಮೀಪದ ಬಿಡದಿಯ ಘಟಕಕ್ಕೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. 11.5 ಮೆಗಾವಾಟ್ ಸಾಮರ್ಥ್ಯದ ಈ ಘಟಕವನ್ನು ದಿನಕ್ಕೆ ಸುಮಾರು 600 ಟನ್ ಕಸಕ್ಕಾಗಿ ರೂಪಿಸಲಾಗಿದೆ. ಇಷ್ಟು ಕಸ ಯಾವುದೇ ಹೋಬಳಿಯಲ್ಲಿ ದೊರೆಯುವುದಿಲ್ಲ; ಆದ್ದರಿಂದ ಗ್ರಾಮಗಳಿಗೆ ಈ ವಿಧಾನ ಸೂಕ್ತವಲ್ಲ.

(ಆ) ಜೈವಿಕ ಅನಿಲ ವಿಧಾನ: ಹಸಿ ಕಸ ಮತ್ತು ಸಗಣಿಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದಾಗ ಸೂಕ್ಷ್ಮಾಣುಗಳು ಅನಿಲ ಬಿಡುಗಡೆ ಮಾಡುತ್ತವೆ. ಇದರಲ್ಲಿ ಶೇ. 55ರಿಂದ 60ರಷ್ಟು ಮೀಥೇನ್ ಇರುತ್ತದೆ. ಈ ಅನಿಲವನ್ನು ನೇರವಾಗಿ ಒಲೆಗೆ ಬಳಸಬಹುದು ಅಥವಾ ಎಂಜಿನ್ ಮೂಲಕ ವಿದ್ಯುತ್ ಪಡೆಯಬಹುದು. ಗ್ರಾಮೀಣ ಪ್ರದೇಶಕ್ಕೆ ಈ ವಿಧಾನವೇ ಯೋಗ್ಯ.

3. ಹಿಂದಿನ ಅನುಭವದಿಂದ ತಿಳಿದುಬಂದ ಅಂಶಗಳು

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವು ಸಮುದಾಯ ಅನಿಲ ಸ್ಥಾವರವನ್ನು ಸ್ಥಾಪಿಸಿತ್ತು. ಪ್ರೊ. ಎ.ಕೆ.ಎನ್. ರೆಡ್ಡಿ ಅವರು ಇದರ ಪ್ರೇರಕರು. ಎಲ್ಲ ಮನೆಗಳಿಗೂ ಅಡುಗೆ ಅನಿಲ ನೀಡುವ ಮೊದಲ ಪ್ರಯತ್ನವು ಸಗಣಿ ಸಾಲದ ಕಾರಣ ಕೈಗೂಡಲಿಲ್ಲ. ಗ್ರಾಮಸ್ಥರಿಗೆ ಹೆಚ್ಚು ಅಗತ್ಯವಿದ್ದುದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ, ಸ್ವಲ್ಪ ಡೀಸೆಲ್ ಸೇರಿಸಿ, ಸುಮಾರು 5 ಕಿಲೋವಾಟ್‌ನ ಜನರೇಟರ್ ನಡೆಸಿ ಕೊಳವೆ ಬಾವಿಯ ನೀರನ್ನೂ ದೀಪಗಳನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ ಸಣ್ಣ ಮೊತ್ತದ ಸಂದಾಯವಿತ್ತು. ಕೊಳೆತ ರಾಡಿಯು ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಜನರ ಅಗತ್ಯವನ್ನು ಮೊದಲು ತಿಳಿದು ನಂತರ ಯಂತ್ರವನ್ನು ಆರಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಫಲವಾದ ನಿದರ್ಶನಗಳೂ ಇವೆ. ದೆಹಲಿಯ ತಿಮಾರ್‌ಪುರದಲ್ಲಿ 1980ರ ದಶಕದಲ್ಲಿ ನಿರ್ಮಿಸಿದ ದಹನ ಘಟಕವು ಬಹುಬೇಗ ನಿಂತುಹೋಯಿತು; ಅಲ್ಲಿಗೆ ಬಂದ ಕಸದ ಶಾಖಮೌಲ್ಯ ಅಂದಾಜಿನ ಅರ್ಧದಷ್ಟೂ ಇರಲಿಲ್ಲ. ಬೆಂಗಳೂರಿನ ಹೊರವಲಯದ ಮಂಡೂರಿನಲ್ಲಿ ವಿದ್ಯುತ್ ಘಟಕದ ಯೋಜನೆಯಿತ್ತು. ಘಟಕ ಕೈಗೂಡದಿದ್ದರೂ ಕಸ ಮಾತ್ರ ಬಂದು ರಾಶಿಬಿದ್ದಿತು. ಗ್ರಾಮಸ್ಥರ ತೀವ್ರ ಪ್ರತಿಭಟನೆಯ ನಂತರ 2014ರ ಅಂತ್ಯಕ್ಕೆ ಅಲ್ಲಿ ಕಸ ಸುರಿಯುವುದು ನಿಂತಿತು. ಮೂಲದಲ್ಲಿಯೇ ಬೇರ್ಪಡಿಸದ ಕಸವು ಸರಿಯಾಗಿ ಉರಿಯುವುದೂ ಇಲ್ಲ, ಕೊಳೆಯುವುದೂ ಇಲ್ಲ.

4. ಎಷ್ಟು ಕಸಕ್ಕೆ ಎಷ್ಟು ಶಕ್ತಿ

ಕೆಳಗಿನ ಅಂದಾಜುಗಳನ್ನು ಅರ್ಜಿದಾರರು ತಮ್ಮ ಲೆಕ್ಕಕ್ಕೆ ಬಳಸಿಕೊಳ್ಳಬಹುದು.

• 25 ಕಿ.ಗ್ರಾಂ ಹಸಿ ಸಗಣಿಯಿಂದ ಸುಮಾರು 1 ಘನ ಮೀಟರ್ ಅನಿಲ.
• 1 ಟನ್ ಬೇರ್ಪಡಿಸಿದ ಅಡುಗೆಮನೆ ತ್ಯಾಜ್ಯದಿಂದ ಸುಮಾರು 80 ಘನ ಮೀಟರ್ ಅನಿಲ.
• 1 ಘನ ಮೀಟರ್ ಅನಿಲವು ಸುಮಾರು 0.45 ಕಿ.ಗ್ರಾಂ ಅಡುಗೆ ಅನಿಲಕ್ಕೆ (ಎಲ್‌ಪಿಜಿ) ಸಮ. ಸಣ್ಣ ಎಂಜಿನ್‌ನಲ್ಲಿ ಅದರಿಂದ ಸುಮಾರು 1.5 ಯೂನಿಟ್ ವಿದ್ಯುತ್.

ಉದಾಹರಣೆಗೆ, 1,000 ಮನೆಗಳ ಗ್ರಾಮದಲ್ಲಿ ಪ್ರತಿ ಮನೆಯಿಂದ ದಿನಕ್ಕೆ ಅರ್ಧ ಕಿ.ಗ್ರಾಂ ಹಸಿ ಕಸ ಸಂಗ್ರಹವಾದರೆ ಒಟ್ಟು 500 ಕಿ.ಗ್ರಾಂ. ಇದರಿಂದ 40 ಘನ ಮೀಟರ್ ಅನಿಲ ಅಥವಾ 60 ಯೂನಿಟ್ ವಿದ್ಯುತ್ ದೊರೆಯುತ್ತದೆ. 30 ವಾಟ್‌ನ ಎಲ್‌ಇಡಿ ಬೀದಿ ದೀಪವೊಂದು ರಾತ್ರಿ 12 ಗಂಟೆ ಉರಿಯಲು 0.36 ಯೂನಿಟ್ ಬೇಕು. ಘಟಕದ ಸ್ವಂತ ಬಳಕೆಯನ್ನು ಕಳೆದರೂ ನೂರಕ್ಕೂ ಹೆಚ್ಚು ದೀಪಗಳಿಗೆ ಇದು ಸಾಕಾಗುತ್ತದೆ. ಇದೇ ಅನಿಲವನ್ನು ಒಲೆಗೆ ಬಳಸಿದಲ್ಲಿ ದಿನಕ್ಕೆ 18 ಕಿ.ಗ್ರಾಂ ಎಲ್‌ಪಿಜಿ, ಅಂದರೆ ಒಂದು ಗೃಹಬಳಕೆ ಸಿಲಿಂಡರಿಗಿಂತ ಹೆಚ್ಚು ಉಳಿತಾಯವಾಗುತ್ತದೆ. ಶಾಲೆಯ ಬಿಸಿಯೂಟದ ಅಡುಗೆಮನೆ ಅಥವಾ ವಿದ್ಯಾರ್ಥಿನಿಲಯ ಹತ್ತಿರವಿದ್ದಲ್ಲಿ ನೇರ ಬಳಕೆಯೇ ಲಾಭಕರ. ಅನಿಲವನ್ನು ವಿದ್ಯುತ್ತಾಗಿ ಪರಿವರ್ತಿಸುವಾಗ ಬಹುಭಾಗ ಶಾಖವಾಗಿ ನಷ್ಟವಾಗುತ್ತದೆ.

5. ಕುಟುಂಬಗಳಿಗೆ ಸೂಚನೆ

ಒಂದು ಮನೆಯ ಅಡುಗೆ ತ್ಯಾಜ್ಯದಿಂದ ಮಾತ್ರ ವಿದ್ಯುತ್ ಉತ್ಪಾದನೆ ಸಾಧ್ಯವಿಲ್ಲ. ನಾಲ್ಕರಿಂದ ಆರು ದನಗಳಿರುವ ಕುಟುಂಬವು 2 ಘನ ಮೀಟರ್‌ನ ದೀನಬಂಧು ಮಾದರಿಯ ಸ್ಥಾವರವನ್ನು ಹೊಂದಬಹುದು. ಇದಕ್ಕೆ ದಿನಕ್ಕೆ 50 ಕಿ.ಗ್ರಾಂ ಸಗಣಿ ಹಾಗೂ ಅಷ್ಟೇ ನೀರು ಬೇಕು. ನಾಲ್ಕೈದು ಜನರ ಅಡುಗೆಗೆ ಇದು ಸಾಕಾಗುತ್ತದೆ. ಹೊರಬರುವ ರಾಡಿಯು ಅಡಿಕೆ ತೋಟಕ್ಕೂ ಗದ್ದೆಗೂ ಉತ್ತಮ ಗೊಬ್ಬರ. ಅಡಿಕೆ ಸಿಪ್ಪೆ ಮತ್ತು ತೆಂಗಿನ ನಾರನ್ನು ತೊಟ್ಟಿಗೆ ಹಾಕತಕ್ಕದ್ದಲ್ಲ. ಇವು ಬಹಳ ನಿಧಾನವಾಗಿ ಕೊಳೆತು ಕೊಳವೆಯನ್ನು ಮುಚ್ಚುತ್ತವೆ. ಇವುಗಳನ್ನು ಗೊಬ್ಬರದ ಗುಂಡಿಗೆ ಬಳಸುವುದು ಒಳಿತು.

6. ಅರ್ಜಿ ಸಲ್ಲಿಸುವ ಮುನ್ನ

ಸಂವಿಧಾನದ 11ನೇ ಅನುಸೂಚಿಯಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳು ಹಾಗೂ ಆರೋಗ್ಯ ಮತ್ತು ನೈರ್ಮಲ್ಯ, ಇವೆರಡೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿವೆ. ಆದ್ದರಿಂದ ಮೊದಲ ವಿಚಾರಣೆಯನ್ನು ಗ್ರಾಮ ಪಂಚಾಯಿತಿಯಲ್ಲಿಯೇ ಮಾಡುವುದು ಸೂಕ್ತ.

1) ಕುಟುಂಬದ ಸ್ಥಾವರಕ್ಕೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಲಿಖಿತವಾಗಿ ವಿಚಾರಿಸಬಹುದು. ನಿವೇಶನದ ದಾಖಲೆ, ಗುರುತಿನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಹಾಗೂ ದನಗಳ ಸಂಖ್ಯೆಯ ವಿವರವನ್ನು ಸಿದ್ಧಪಡಿಸಿಕೊಂಡಿರುವುದು ಒಳ್ಳೆಯದು.

2) ಸಮುದಾಯ ಘಟಕಕ್ಕೆ: ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ಚರ್ಚಿಸಬೇಕು. ಕನಿಷ್ಠ ಒಂದು ವಾರ ಪ್ರತಿದಿನ ಹಸಿ ಕಸವನ್ನು ತೂಗಿ ದಾಖಲಿಸಬೇಕು. ಅಂದಾಜನ್ನು ಮಾತ್ರ ನಂಬಿ ಘಟಕದ ಗಾತ್ರ ನಿರ್ಧರಿಸತಕ್ಕದ್ದಲ್ಲ.

3) ಸಹಾಯಧನ: 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದ ಮೊದಲ ಹಂತದ ಅವಧಿಯನ್ನು 2025-26ರವರೆಗೆ ನಿಗದಿಪಡಿಸಲಾಗಿತ್ತು. ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಜಾರಿಯಲ್ಲಿರುವ ದರ ಹಾಗೂ ಮಂಜೂರಾತಿಯನ್ನು ಲಿಖಿತವಾಗಿ ಪಡೆದ ನಂತರವೇ ಗುಂಡಿ ತೆಗೆಯುವ ಕೆಲಸ ಆರಂಭಿಸಬೇಕು.

4) ವಿದ್ಯುತ್ ಜಾಲಕ್ಕೆ ಸಂಪರ್ಕ: ದಾವಣಗೆರೆ ಜಿಲ್ಲೆಯು ಬೆಸ್ಕಾಂ ವ್ಯಾಪ್ತಿಗೆ ಸೇರಿದೆ. ಕಂಪನಿಯ ಅನುಮತಿಯಿಲ್ಲದೆ ಯಾವುದೇ ಜನರೇಟರನ್ನು ಸಾರ್ವಜನಿಕ ಮಾರ್ಗಕ್ಕೆ ಜೋಡಿಸತಕ್ಕದ್ದಲ್ಲ. ಇದರಿಂದ ಮಾರ್ಗದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗಳ ಜೀವಕ್ಕೆ ಅಪಾಯವಿದೆ.

7. ಸುರಕ್ಷತೆ

• ಯಾವುದೇ ಸಂದರ್ಭದಲ್ಲಿ ತೊಟ್ಟಿಯೊಳಗೆ ಇಳಿಯಬಾರದು. ಒಳಗಿನ ಅನಿಲವು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಿಸಲು ಇಳಿದವರೂ ಮೃತಪಡುವ ಸಂಭವವಿದೆ.
• ಸೋರಿಕೆಯನ್ನು ಸೋಪಿನ ನೀರಿನಿಂದ ಪರೀಕ್ಷಿಸಬೇಕು. ಬೆಂಕಿಕಡ್ಡಿ ಗೀರಿ ನೋಡಬಾರದು.
• ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಸ್ಥಾವರವಿರಬೇಕು.
• ತೊಟ್ಟಿಯ ಒಳಹರಿವು ಮತ್ತು ಹೊರಹರಿವಿನ ಬಾಯಿಗಳಿಗೆ ಮಕ್ಕಳು, ಜಾನುವಾರು ಬೀಳದಂತೆ ಮುಚ್ಚಳ ಹಾಕಿರಬೇಕು.

8. ನಾಗರಿಕರ ಸಹಕಾರ

ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಕಸ ಉತ್ಪಾದಿಸುವವರ ಮೇಲೆಯೇ ಇರಿಸಿದವು. ಪ್ಲಾಸ್ಟಿಕ್, ಗಾಜು, ಬ್ಯಾಟರಿ ಮತ್ತು ಸ್ಯಾನಿಟರಿ ಪ್ಯಾಡ್‌ಗಳು ಹಸಿ ಕಸದೊಂದಿಗೆ ಬೆರೆತಲ್ಲಿ ತೊಟ್ಟಿಯ ಕ್ರಿಯೆ ನಿಲ್ಲುವುದಲ್ಲದೆ, ಸ್ವಚ್ಛ ವಾಹಿನಿಯಲ್ಲಿ ದುಡಿಯುವ ಮಹಿಳೆಯರು ಅದನ್ನು ಕೈಯಿಂದ ಆರಿಸಬೇಕಾಗುತ್ತದೆ. ಗ್ರಾಮದಲ್ಲಿ ಘಟಕ ಮಂಜೂರಾಗುವವರೆಗೆ ಕಾಯದೆ, ಹಸಿ ಕಸಕ್ಕೆ ಒಂದು ಬುಟ್ಟಿ, ಒಣ ಕಸಕ್ಕೆ ಇನ್ನೊಂದು, ಸ್ಯಾನಿಟರಿ ಹಾಗೂ ಅಪಾಯಕಾರಿ ತ್ಯಾಜ್ಯಕ್ಕೆ ಪ್ರತ್ಯೇಕ ಪೊಟ್ಟಣ ಎಂಬ ಕ್ರಮವನ್ನು ಇಂದಿನಿಂದಲೇ ಪಾಲಿಸಬೇಕೆಂದು ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.